ಇಬ್ಬನಿ ಊರಿನಲ್ಲಿ ನೀಹಾರಿಕೆ ಹಿಡಿಯುವುದು: ಸಣ್ಣ ಟೆಲಿಸ್ಕೋಪಿನವರಿಗೆ ಸಮಗ್ರ ಮಾರ್ಗದರ್ಶಿ

ಶಿರಸಿ ಕಡೆಯ ಆಕಾಶ ಕಪ್ಪಗಿದೆ, ನಿಜ. ಆದರೆ ಒದ್ದೆಯೂ ಆಗಿದೆ. ಆಕಾಶದ ಫೋಟೊ ತೆಗೆಯುವ ಬಗ್ಗೆ ಯಾರನ್ನು ಕೇಳಿದರೂ ಪೇಟೆಯ ಬೆಳಕಿನಿಂದ ಹೇಗೆ ತಪ್ಪಿಸಿಕೊಳ್ಳಬೇಕು ಎಂದೇ ಶುರು ಮಾಡುತ್ತಾರೆ. ಉತ್ತರ ಕನ್ನಡದವರ ತೊಂದರೆ ಬೇರೆ. ನಮಗೆ ಬೆಳಕಿನ ಕಾಟಕ್ಕಿಂತ ನೀರಿನ ಕಾಟ ಜಾಸ್ತಿ. ಘಟ್ಟದ ಮೇಲೆ ಇಬ್ಬನಿ, ಕೆಳಗೆ ಕಡಲಿನ ತೇವ, ಅದರ ಮೇಲೆ ತಿಂಗಳುಗಟ್ಟಲೆ ಮಳೆ. ನೀಹಾರಿಕೆ ಅಂದರೆ ನಕ್ಷತ್ರಗಳ ನಡುವಿನ ಅನಿಲ, ಧೂಳಿನ ಮೋಡ. ಆ ಪದ ಹುಟ್ಟಿದ್ದೇ ‘ನೀಹಾರ’ದಿಂದ, ಅಂದರೆ ಮಂಜಿನಿಂದ. ಮೇಲಿನ ಮಂಜು ಹಿಡಿಯಲು ಹೋದವನನ್ನು ಕೆಳಗಿನ ಮಂಜು ಹಿಡಿದುಬಿಡುತ್ತದೆ.

ಹಾಗಾಗಿ ಇಲ್ಲಿ ಹೇಳುವ ಪ್ರತಿ ಹೆಜ್ಜೆಯಲ್ಲೂ ಒಂದೇ ಪ್ರಶ್ನೆ ಇದೆ: ಒಣಗಿದ, ಕಪ್ಪಗಿನ, ಗಟ್ಟಿ ಗಂಟೆಗಳು ಎಷ್ಟು ಸಿಗುತ್ತವೆ? ಉದಾಹರಣೆಗೆ ಒಂದೇ ನೀಹಾರಿಕೆ ಇಟ್ಟುಕೊಳ್ಳೋಣ. ಅದರ ಹೆಸರು ರೋಸೆಟ್.

ಕಣ್ಣಿಗೆ ಕಾಣದ್ದು ಕ್ಯಾಮೆರಾಗೆ ಹೇಗೆ ಕಾಣುತ್ತದೆ

ರೋಸೆಟ್ ಸುಮಾರು 5,000 ಜ್ಯೋತಿರ್ವರ್ಷ ದೂರದಲ್ಲಿದೆ. ಅದೇನೂ ಚಿಕ್ಕದಲ್ಲ. ಆಕಾಶದಲ್ಲಿ ಅದರ ಅಗಲ 1.3 ಡಿಗ್ರಿ, ಅಂದರೆ ಎರಡು ಹುಣ್ಣಿಮೆ ಚಂದ್ರರನ್ನು ಪಕ್ಕಪಕ್ಕ ಇಟ್ಟರೂ ಇನ್ನೂ ಸ್ವಲ್ಪ ಜಾಗ ಉಳಿಯುತ್ತದೆ. ಹಾಗಾಗಿ ದೊಡ್ಡ ಟೆಲಿಸ್ಕೋಪು ಬೇಕಿಲ್ಲ. ದೊಡ್ಡದು ಇದ್ದರೆ ಪೂರ್ತಿ ಹಿಡಿಸುವುದೂ ಇಲ್ಲ!

ಮಧ್ಯದಲ್ಲಿರುವ ಬಿಸಿ ಎಳೆಯ ನಕ್ಷತ್ರಗಳ ಅತಿನೇರಳೆ ಬೆಳಕು ಸುತ್ತಲಿನ ಹೈಡ್ರೋಜನ್ ಪರಮಾಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತು ಹಾಕುತ್ತದೆ. ಅವು ಮತ್ತೆ ಬಂದು ಕೂರುವಾಗ ಕೆಂಪು ಬೆಳಕು ಹೊರಬೀಳುತ್ತದೆ. ಅದರ ತರಂಗಾಂತರ 656.3 ನ್ಯಾನೊಮೀಟರ್, ಹೆಸರು ಎಚ್-ಆಲ್ಫಾ. ಕತ್ತಲಲ್ಲಿ ನಮ್ಮ ಕಣ್ಣಿಗೆ ಈ ಕೆಂಪು ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಕ್ಯಾಮೆರಾಗೆ ಕಾಣುತ್ತದೆ, ಆದರೆ ಅಂಗಡಿಯಿಂದ ತಂದ ಮಾಮೂಲಿ ಡಿಎಸ್‌ಎಲ್‌ಆರ್‌ನ ಸೆನ್ಸರ್ ಮುಂದೆ ಒಂದು ಫಿಲ್ಟರ್ ಇರುತ್ತದೆ. ಅದು ಈ ಕೆಂಪಿನ ಬಹುಪಾಲನ್ನು ತಡೆಯುತ್ತದೆ. ಅದನ್ನು ಬದಲಾಯಿಸಿಕೊಂಡ ಕ್ಯಾಮೆರಾಗೆ ‘ಆಸ್ಟ್ರೊ ಮಾಡಿಫೈಡ್’ ಎನ್ನುತ್ತಾರೆ. ಕಂಪನಿಗಳೇ ಅಂಥವನ್ನು ಮಾಡಿದ್ದೂ ಇದೆ: ನಿಕಾನ್ ಡಿ810ಎ 2015ರಲ್ಲಿ, ಕ್ಯಾನನ್ ಇಒಎಸ್ ಆರ್‌ಎ 2019ರಲ್ಲಿ. ನಿಮ್ಮ ಹತ್ತಿರ ಬರೀ ಮಾಮೂಲಿ ಕ್ಯಾಮೆರಾ ಇದ್ದರೆ ಅದರಲ್ಲೇ ಶುರು ಮಾಡಿ. ಮೊದಲ ವರ್ಷ ಓರಯಾನ್ ನೀಹಾರಿಕೆ ತೆಗೆಯಿರಿ, ಅದು ಎಂಥ ಕ್ಯಾಮೆರಾದಲ್ಲೂ ಬರುತ್ತದೆ. ರೋಸೆಟ್ ಕೂಡ ಬರುತ್ತದೆ, ಸ್ವಲ್ಪ ಸಪ್ಪೆಯಾಗಿ.

ಯಾವಾಗ: ಮಳೆ ನಕ್ಷತ್ರದ ಲೆಕ್ಕ

ನಮ್ಮೂರ ಹಿರಿಯರಿಗೆ ಇದನ್ನು ಹೇಳಿಕೊಡಬೇಕಾಗಿಯೇ ಇಲ್ಲ. ಜೂನ್ ಕೊನೆಗೆ ಆರಿದ್ರಾ ಮಳೆ ಅನ್ನುತ್ತೇವಲ್ಲ, ಆಗ ಸೂರ್ಯ ಆರ್ದ್ರಾ ನಕ್ಷತ್ರದಲ್ಲಿರುತ್ತಾನೆ. ಹಾಗಾದರೆ ಅದರ ಆರು ತಿಂಗಳಾಚೆ, ಡಿಸೆಂಬರ್ ಕೊನೆಗೆ, ಆರ್ದ್ರಾ ರಾತ್ರಿಯಿಡೀ ಆಕಾಶದಲ್ಲಿರುತ್ತದೆ. ಮಳೆ ತಂದ ನಕ್ಷತ್ರಗಳೇ ಚಳಿಗಾಲದ ರಾತ್ರಿಗಳಲ್ಲಿ ಒಣಗಿದ ಆಕಾಶದಲ್ಲಿ ಸಿಗುತ್ತವೆ. ಇದು ನಮ್ಮ ಅದೃಷ್ಟ. ರೋಸೆಟ್ ಇರುವುದು ಅಲ್ಲೇ ಪಕ್ಕದಲ್ಲಿ. ಆರ್ದ್ರಾ, ಅಂದರೆ ಬೀಟೆಲ್‌ಜ್ಯೂಸ್‌ನಿಂದ ಅದರ ಪೂರ್ವಕ್ಕಿರುವ ಹೊಳೆಯುವ ನಕ್ಷತ್ರ ಪ್ರೋಸಿಯಾನ್ ಕಡೆಗೆ ಒಂದು ಗೆರೆ ಎಳೆಯಿರಿ. ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಮುಂದೆ ಹೋಗಿ ದಕ್ಷಿಣಕ್ಕೆ ಒಂದೂವರೆ ಡಿಗ್ರಿ ಇಳಿಯಿರಿ. ಸಣ್ಣ ದುರ್ಬೀನಿನಲ್ಲಿ ನೋಡಿದರೆ ಅದರ ನಡುವಿನ ನಕ್ಷತ್ರಗುಚ್ಛ ಎನ್‌ಜಿಸಿ 2244 ಕಾಣುತ್ತದೆ.

ಇದರ ವಿರುದ್ಧ ಕಥೆ ಧನು ರಾಶಿಯ ಲಗೂನ್, ಟ್ರಿಫಿಡ್ ನೀಹಾರಿಕೆಗಳದು. ಅವು ನಡುರಾತ್ರಿ ನೆತ್ತಿ ಕಡೆಗೆ ಬರುವುದು ಜೂನ್, ಜುಲೈನಲ್ಲಿ. ಆಗ ನಮ್ಮ ತಲೆ ಮೇಲೆ ಬರೀ ಮೋಡ. ಅವು ಬೇಕಾದರೆ ಮಾರ್ಚ್, ಏಪ್ರಿಲಿನಲ್ಲಿ ಬೆಳಗಿನ ಜಾವ ಏಳಬೇಕು.

ಜನವರಿ ಮಧ್ಯದ ಲೆಕ್ಕ ಹೀಗಿದೆ. ಸಂಜೆ ಏಳೂವರೆ ಹೊತ್ತಿಗೆ ಪೂರ್ತಿ ಕತ್ತಲು. ಅದೇ ಹೊತ್ತಿಗೆ ರೋಸೆಟ್ ಪೂರ್ವದಲ್ಲಿ 30 ಡಿಗ್ರಿ ಎತ್ತರಕ್ಕೆ ಬಂದಿರುತ್ತದೆ. ಹನ್ನೊಂದೂವರೆ ಸುಮಾರಿಗೆ ನೆತ್ತಿಯ ಹತ್ತಿರ, 80 ಡಿಗ್ರಿ ಎತ್ತರದಲ್ಲಿ ಮಧ್ಯಾಹ್ನರೇಖೆ (ಉತ್ತರದಿಂದ ದಕ್ಷಿಣಕ್ಕೆ ನೆತ್ತಿಯ ಮೇಲೆ ಹಾಯುವ ಗೆರೆ) ದಾಟುತ್ತದೆ. ಬೆಳಗಿನ ಮೂರೂವರೆಗೆ ಪಶ್ಚಿಮದಲ್ಲಿ ಮತ್ತೆ 30 ಡಿಗ್ರಿಗೆ ಇಳಿಯುತ್ತದೆ. ಒಟ್ಟು ಎಂಟು ಗಂಟೆ. 30 ಡಿಗ್ರಿಗಿಂತ ಕೆಳಗೆ ನಾನು ತೆಗೆಯುವುದಿಲ್ಲ, ಅಲ್ಲಿ ಗಾಳಿಯ ಪದರ ದಪ್ಪ, ತೇವವೂ ಜಾಸ್ತಿ.

ಚಂದ್ರನ ಲೆಕ್ಕಕ್ಕೆ ಆ್ಯಪ್ ಬೇಡ. ಅಡುಗೆಮನೆ ಗೋಡೆಯ ಪಂಚಾಂಗ ಸಾಕು. ಬಹುಳ ದಶಮಿಯಿಂದ ಶುದ್ಧ ಪಂಚಮಿವರೆಗೆ ಗುರುತು ಹಾಕಿಕೊಳ್ಳಿ. ನವೆಂಬರಿನಿಂದ ಮಾರ್ಚ್‌ವರೆಗೆ ಅಂಥ ಐದು ಕಂತು ಸಿಗುತ್ತವೆ. ಪ್ರತಿ ಕಂತಿನಲ್ಲಿ ಮೂರು ಒಳ್ಳೆ ರಾತ್ರಿ ಸಿಕ್ಕರೂ ಪುಣ್ಯ.

ಎಲ್ಲಿ ನಿಲ್ಲಿಸಬೇಕು

ನಮ್ಮ ಮನೆಗಳೆಲ್ಲ ಸಾಮಾನ್ಯವಾಗಿ ತೋಟದ ಅಂಚಿನಲ್ಲಿ, ಕಣಿವೆಯ ತಳದಲ್ಲಿ ಇರುತ್ತವೆ. ತಣ್ಣಗಿನ ಗಾಳಿ ರಾತ್ರಿ ಇಳಿದು ಬಂದು ನಿಲ್ಲುವುದೂ ಅಲ್ಲೇ. ಅಂಗಳದಲ್ಲಿ ಒಂದು ಗಂಟೆಗೆ ಮಂಜು ಕವಿದಾಗ, ಮೇಲಿನ ಬೇಣದಲ್ಲಿ (ಹುಲ್ಲುಗುಡ್ಡದಲ್ಲಿ) ನಕ್ಷತ್ರ ಹೊಳೆಯುತ್ತಲೇ ಇದ್ದದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. 30-40 ಮೀಟರ್ ಎತ್ತರಕ್ಕೆ ಸಾಮಾನು ಹೊತ್ತರೆ ಎರಡು ಗಂಟೆ ಜಾಸ್ತಿ ಸಿಗುತ್ತದೆ. ಹೊರುವ ಶ್ರಮ ದಂಡವಲ್ಲ.

ಇನ್ನೊಂದು ಸಂಗತಿ ಅಡಿಕೆ ಸುಗ್ಗಿ. ಚಳಿಗಾಲವೇ ಕೊನೆಕೊಯ್ಲಿನ ಕಾಲ. ಸುಲಿಯುವವರ ಅಂಗಳದಲ್ಲಿ ರಾತ್ರಿ ಹನ್ನೊಂದರವರೆಗೆ ಎಲ್‌ಇಡಿ ಉರಿಯುತ್ತದೆ. ಅಡಿಕೆ ಬೇಯಿಸುವ ಒಲೆಯ ಹೊಗೆ ಕಣಿವೆಯಲ್ಲೇ ಮಲಗುತ್ತದೆ. ಅವರ ಕೆಲಸ ನಿಲ್ಲಿಸಿ ಅನ್ನಲಾಗದು. ಬಲ್ಬಿಗೊಂದು ತಗಡಿನ ಟೋಪಿ ಹಾಕಿಸಿ, ಬೆಳಕು ಕೆಳಗೆ ಬೀಳುವ ಹಾಗೆ. ಅವರಿಗೂ ಸುಲಿಯಲು ಬೆಳಕು ಜಾಸ್ತಿ ಆಗುತ್ತದೆ. ನಮ್ಮ ಕೇರಿಯ ಅಜ್ಜಿಯೊಬ್ಬರು ಟೆಲಿಸ್ಕೋಪು ನೋಡಿ, “ಎಂತದಾ ತಮಾ ಅದು, ತೋಪನಾ?” ಎಂದಿದ್ದರು. ಶನಿಯ ಬಳೆ ತೋರಿಸಿದ ಮೇಲೆ ಅವರೇ ಲೈಟು ಆರಿಸತೊಡಗಿದರು.

ಕಾಡಿನ ಬಗ್ಗೆ ಎರಡು ಮಾತು. ಬೇಣಕ್ಕೆ ಹೋಗುವಾಗ ಗಮ್‌ಬೂಟು ಹಾಕಿ, ಮನೆಯಲ್ಲಿ ಹೇಳಿ ಹೋಗಿ, ಒಬ್ಬರೇ ಹೋಗಬೇಡಿ. ಕಾಡುಕೋಣ, ಚಿರತೆ ನಮ್ಮ ಕಡೆ ಕಥೆಯಲ್ಲ. ಅರಣ್ಯ ಇಲಾಖೆಯ ಜಾಗಕ್ಕೆ, ಅದರಲ್ಲೂ ಜೋಯಿಡಾ, ದಾಂಡೇಲಿ ಕಡೆಯ ಕಾಳಿ ಹುಲಿ ರಕ್ಷಿತಾರಣ್ಯದೊಳಕ್ಕೆ ಅನುಮತಿ ಇಲ್ಲದೆ ರಾತ್ರಿ ಹೋಗುವ ಯೋಚನೆಯೇ ಬೇಡ. ಕಾರವಾರದವರು ನೌಕಾನೆಲೆಯ ಆಸುಪಾಸು, ಬಂದರು, ಕೈಗಾ ಸುತ್ತಮುತ್ತ ಟೆಲಿಸ್ಕೋಪು ನಿಲ್ಲಿಸಬೇಡಿ. ಕತ್ತಲಲ್ಲಿ ಉದ್ದ ಕೊಳವೆ ಇಟ್ಟುಕೊಂಡು ಕೂತವನನ್ನು ಯಾರಾದರೂ ಪ್ರಶ್ನೆ ಕೇಳಿಯೇ ಕೇಳುತ್ತಾರೆ.

ಸಾಮಾನು

ದುಡ್ಡು ಹಂಚುವ ಕ್ರಮ ನನ್ನ ಪ್ರಕಾರ ಹೀಗೆ: ಮೊದಲು ಮೌಂಟ್ (ಟೆಲಿಸ್ಕೋಪನ್ನು ಹೊತ್ತು ತಿರುಗಿಸುವ ತಳ), ಆಮೇಲೆ ಡ್ಯೂ ಹೀಟರ್ (ಇಬ್ಬನಿ ಕೂರದಂತೆ ಗಾಜು ಬೆಚ್ಚಗಿಡುವ ಪಟ್ಟಿ), ಆಮೇಲೆ ಟೆಲಿಸ್ಕೋಪು, ಕೊನೆಗೆ ಕ್ಯಾಮೆರಾ. ಬಹಳಷ್ಟು ಜನ ಇದನ್ನು ತಲೆಕೆಳಗು ಮಾಡುತ್ತಾರೆ.

ಕಾರಣ ಲೆಕ್ಕದಲ್ಲೇ ಇದೆ. 400 ಮಿಲಿಮೀಟರ್ ಫೋಕಲ್ ಲೆಂತ್, 4 ಮೈಕ್ರಾನ್ ಪಿಕ್ಸೆಲ್ ಅಂದುಕೊಳ್ಳಿ. ಪಿಕ್ಸೆಲ್ ಗಾತ್ರವನ್ನು 206ರಿಂದ ಗುಣಿಸಿ ಫೋಕಲ್ ಲೆಂತ್‌ನಿಂದ ಭಾಗಿಸಿದರೆ ಒಂದು ಪಿಕ್ಸೆಲ್‌ಗೆ ಸುಮಾರು 2 ಆರ್ಕ್‌ಸೆಕೆಂಡ್ (ಡಿಗ್ರಿಯ 3,600ನೇ ಒಂದು ಭಾಗವೇ ಒಂದು ಆರ್ಕ್‌ಸೆಕೆಂಡ್). ಭೂಮಿ ತಿರುಗುವುದರಿಂದ ನಕ್ಷತ್ರ ಸೆಕೆಂಡಿಗೆ 15 ಆರ್ಕ್‌ಸೆಕೆಂಡ್ ಜಾರುತ್ತದೆ. ಅಂದರೆ ಸೆಕೆಂಡಿಗೆ ಏಳು ಪಿಕ್ಸೆಲ್. ನಮಗೆ ಬೇಕಾದ್ದು ಎರಡು ಮೂರು ನಿಮಿಷದ ಎಕ್ಸ್‌ಪೋಶರ್. ಈ ಜಾರುವಿಕೆಯನ್ನು ಸರಿಗಟ್ಟುವುದು ಭೂಮಿಯ ಅಕ್ಷಕ್ಕೆ ಸಮನಾಗಿ ತಿರುಗುವ ಈಕ್ವಟೋರಿಯಲ್ ಮೌಂಟ್ ಮಾತ್ರ. ಅದರ ಮೇಲೆ ಕಂಪನಿ ಬರೆದ ಭಾರದ ಅರ್ಧದಷ್ಟು ಮಾತ್ರ ಹೇರಿ.

ಟೆಲಿಸ್ಕೋಪಿಗೆ 60ರಿಂದ 80 ಮಿಲಿಮೀಟರ್ ಅಗಲದ, ಎಫ್ 5 ಅಥವಾ ಎಫ್ 6ರ (ಫೋಕಲ್ ಲೆಂತ್ ಅಗಲದ ಐದಾರು ಪಟ್ಟು), ಬಣ್ಣ ಚೆದುರುವುದನ್ನು ತಗ್ಗಿಸುವ ‘ಇಡಿ’ ಗಾಜಿನ ರಿಫ್ರಾಕ್ಟರ್, ಅಂದರೆ ಮಸೂರದ ಟೆಲಿಸ್ಕೋಪು ಸಾಕು. ಜೊತೆಗೆ ಫೀಲ್ಡ್ ಫ್ಲಾಟ್‌ನರ್ ಎಂಬ ಹೆಚ್ಚುವರಿ ಮಸೂರ, ಇಲ್ಲದಿದ್ದರೆ ಮೂಲೆಯ ನಕ್ಷತ್ರಗಳೆಲ್ಲ ಎಳೆದ ಹಾಗೆ ಬರುತ್ತವೆ. 400 ಮಿಲಿಮೀಟರ್‌ಗೆ ಎಪಿಎಸ್-ಸಿ ಅಳತೆಯ ಸೆನ್ಸರ್ ಇರುವ ಕ್ಯಾಮೆರಾ ಹಾಕಿದರೆ 3.4 ಡಿಗ್ರಿ ಅಗಲ, 2.2 ಡಿಗ್ರಿ ಎತ್ತರದ ಚೌಕಟ್ಟು ಸಿಗುತ್ತದೆ. ರೋಸೆಟ್‌ಗೆ ಹೇಳಿ ಮಾಡಿಸಿದ ಅಳತೆ. ಮೇಲೊಂದು 30 ಮಿಲಿಮೀಟರಿನ ಗೈಡ್ ಸ್ಕೋಪ್, ಸಣ್ಣ ಗೈಡ್ ಕ್ಯಾಮೆರಾ. ಇವು ಒಂದು ನಕ್ಷತ್ರವನ್ನು ನೋಡುತ್ತಾ ಮೌಂಟಿನ ಸಣ್ಣ ತಪ್ಪುಗಳನ್ನು ತಿದ್ದುತ್ತವೆ. ಅದನ್ನು ನಡೆಸಲು ಪಿಎಚ್‌ಡಿ2 ಎಂಬ ಉಚಿತ ಸಾಫ್ಟ್‌ವೇರ್ ಇದೆ.

ಕರೆಂಟ್ ನಂಬಬೇಡಿ. ಹೋದರೆ ಆಕಾಶಕ್ಕೆ ಒಳ್ಳೆಯದು, ಮೌಂಟಿಗೆ ಕೆಟ್ಟದ್ದು. ಮೌಂಟ್, ಹೀಟರ್, ಲ್ಯಾಪ್‌ಟಾಪ್ ಎಲ್ಲ ಸೇರಿ 50 ವ್ಯಾಟ್ ಹಿಡಿಯಿರಿ. ಎಂಟು ಗಂಟೆಗೆ 400 ವ್ಯಾಟ್-ಅವರ್. 12 ವೋಲ್ಟಿನ 100 ಎಎಚ್ ಬ್ಯಾಟರಿಯಲ್ಲಿ 1,200 ಇರುತ್ತದೆ. ಲೆಡ್ ಆಸಿಡ್ ಆದರೆ ಅರ್ಧಕ್ಕಿಂತ ಕೆಳಗೆ ಇಳಿಸಬಾರದು. ಆದರೂ ರಾತ್ರಿ ಕಳೆಯುತ್ತದೆ.

ಧ್ರುವ ನಕ್ಷತ್ರದ ಜಗಳ

ಮೌಂಟಿನ ಅಕ್ಷ ಆಕಾಶದ ಧ್ರುವಕ್ಕೆ, ಅಂದರೆ ನಕ್ಷತ್ರಗಳೆಲ್ಲ ಸುತ್ತುವಂತೆ ಕಾಣುವ ಬಿಂದುವಿಗೆ, ಸರಿಯಾಗಿ ಮುಖ ಮಾಡಬೇಕು. ಉತ್ತರದ ದೇಶದವರಿಗೆ ಇದು ಐದು ನಿಮಿಷದ ಕೆಲಸ. ನಮಗಲ್ಲ. ಶಿರಸಿಯ ಅಕ್ಷಾಂಶ ಸುಮಾರು 14.6 ಡಿಗ್ರಿ, ಕಾರವಾರದ್ದು 14.8. ಧ್ರುವ ನಕ್ಷತ್ರ ಅಷ್ಟೇ ಎತ್ತರದಲ್ಲಿರುತ್ತದೆ. ಕೈ ಚಾಚಿ ಹಿಡಿದರೆ ಒಂದೂವರೆ ಮುಷ್ಟಿ. ಆ ಎತ್ತರದಲ್ಲಿ ನಮಗೆ ಕಾಣುವುದು ಅಡಿಕೆ ಮರದ ಚಂಡೆ (ತುದಿ), ಇಲ್ಲವೇ ಎದುರಿನ ಗುಡ್ಡ. ಮೊದಲ ಚಳಿಗಾಲದಲ್ಲಿ ನಾನು ಸೋಗೆಯ ಸಂದಿಯಲ್ಲಿ ಕಂಡ ಯಾವುದೋ ನಕ್ಷತ್ರವನ್ನೇ ಧ್ರುವ ಅಂದುಕೊಂಡು ಎರಡು ರಾತ್ರಿ ಹಾಳು ಮಾಡಿದೆ.

ಇನ್ನೊಂದು ತಾಪತ್ರಯ. ಇಷ್ಟು ಕಡಿಮೆ ಅಕ್ಷಾಂಶಕ್ಕೆ ಮೌಂಟನ್ನು ಬಾಗಿಸಿದಾಗ ತೂಕದ ಸರಳು ಟ್ರೈಪಾಡಿನ ಕಾಲಿಗೆ ಬಡಿಯುವುದುಂಟು. ಕೊಳ್ಳುವ ಮೊದಲೇ ಮೌಂಟ್ 14 ಡಿಗ್ರಿವರೆಗೆ ಇಳಿಯುತ್ತದಾ ಎಂದು ಕೇಳಿ. ನಡುವೆ ಒಂದು ಗಿಡ್ಡ ಪಿಲ್ಲರ್ ಸೇರಿಸಿದರೆ ಬಡಿಯುವುದು ತಪ್ಪುತ್ತದೆ.

ಧ್ರುವ ಕಾಣಿಸಿದರೆ ಪೋಲಾರ್ ಸ್ಕೋಪಿನಲ್ಲಿ (ಮೌಂಟಿನ ಅಕ್ಷದೊಳಗಿನ ಸಣ್ಣ ದುರ್ಬೀನು) ನೋಡಿ ಹೊಂದಿಸಿ. ಅದು ನಿಜವಾದ ಧ್ರುವದಿಂದ ಅರ್ಧ ಡಿಗ್ರಿಗಿಂತ ಸ್ವಲ್ಪ ಜಾಸ್ತಿ ಆಚೆ ಇದೆ ಎಂಬುದು ನೆನಪಿರಲಿ. ಕಾಣದಿದ್ದರೆ ಎರಡು ದಾರಿ. ಸುಲಭದ್ದು, ನೀನಾ ಎಂಬ ಉಚಿತ ಸಾಫ್ಟ್‌ವೇರಿನ ಮೂರು ಬಿಂದುಗಳ ವಿಧಾನ. ಅದು ಆಕಾಶದ ಬೇರೆಡೆ ಮೂರು ಫೋಟೊ ತೆಗೆದು, ನಕ್ಷತ್ರಗಳನ್ನು ಗುರುತು ಹಿಡಿದು, ಅಕ್ಷ ಎಷ್ಟು ತಪ್ಪಿದೆ ಎಂದು ಹೇಳುತ್ತದೆ. ಧ್ರುವ ಕಾಣಬೇಕಿಲ್ಲ.

ಹಳೆಯದು ಡ್ರಿಫ್ಟ್ ವಿಧಾನ. ಒಮ್ಮೆಯಾದರೂ ಕೈಯಾರೆ ಮಾಡಿ, ಮೌಂಟ್ ಅಂದರೇನು ಎಂದು ಆಗ ಅರ್ಥವಾಗುತ್ತದೆ. ದಿಕ್ಸೂಚಿಯಿಂದ ಉತ್ತರಕ್ಕೆ ತಿರುಗಿಸಿ. ನಮ್ಮ ಭಾಗದಲ್ಲಿ ದಿಕ್ಸೂಚಿಯ ತಪ್ಪು ಒಂದು ಡಿಗ್ರಿಯ ಸುಮಾರಿಗಿರುತ್ತದೆ. ಮಧ್ಯಾಹ್ನರೇಖೆಯ ಹತ್ತಿರ, ಆಕಾಶದ ಸಮಭಾಜಕದ (ಭೂಮಧ್ಯರೇಖೆಯ ನೇರ ಮೇಲಿನ ಗೆರೆಯ) ಹತ್ತಿರ ಇರುವ ಒಂದು ನಕ್ಷತ್ರ ಹಿಡಿಯಿರಿ. ಅದು ದಕ್ಷಿಣಕ್ಕೆ ಜಾರಿದರೆ ಅಕ್ಷ ಪೂರ್ವಕ್ಕೆ ಹೋಗಿದೆ, ಉತ್ತರಕ್ಕೆ ಜಾರಿದರೆ ಪಶ್ಚಿಮಕ್ಕೆ ಹೋಗಿದೆ. ಅಡ್ಡ ತಿರುಗಿಸಿ ಸರಿಮಾಡಿ. ಆಮೇಲೆ ಪೂರ್ವದಲ್ಲಿ ತಗ್ಗಿನಲ್ಲಿರುವ ನಕ್ಷತ್ರ. ದಕ್ಷಿಣಕ್ಕೆ ಜಾರಿದರೆ ಅಕ್ಷ ತಗ್ಗಿದೆ, ಉತ್ತರಕ್ಕಾದರೆ ಎತ್ತರವಾಗಿದೆ. ಪರದೆಯಲ್ಲಿ ಯಾವುದು ದಕ್ಷಿಣ ಎಂದು ಗೊತ್ತಾಗದಿದ್ದರೆ ಟೆಲಿಸ್ಕೋಪನ್ನು ಒಂಚೂರು ದಕ್ಷಿಣಕ್ಕೆ ನೂಕಿ. ನಕ್ಷತ್ರ ಪರದೆಯಲ್ಲಿ ಯಾವ ಕಡೆಗೆ ಸರಿಯಿತೋ ಅದು ಉತ್ತರ.

ಒಮ್ಮೆ ಸರಿಹೋದ ಮೇಲೆ ಟ್ರೈಪಾಡಿನ ಮೂರು ಕಾಲಿನ ಜಾಗದಲ್ಲಿ ಚಪ್ಪಟೆ ಚಿರೇಕಲ್ಲು ಹೂತು ಗುರುತು ಮಾಡಿಬಿಡಿ. ಮರುದಿನ ಅರ್ಧ ಕೆಲಸ ಉಳಿಯುತ್ತದೆ.

ಇಬ್ಬನಿ

ಇಬ್ಬನಿ ‘ಬೀಳುತ್ತದೆ’ ಅನ್ನುತ್ತೇವೆ. ನಿಜವಾಗಿ ಅದು ಮೇಲಿಂದ ಬೀಳುವುದಿಲ್ಲ. ಗಾಜು ತೆರೆದ ಆಕಾಶಕ್ಕೆ ಮುಖ ಮಾಡಿ ತನ್ನ ಶಾಖವನ್ನು ಕಳೆದುಕೊಳ್ಳುತ್ತದೆ. ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಆಗ ಗಾಳಿಯ ತೇವ ಅದರ ಮೇಲೆ ನೀರಾಗಿ ಕೂರುತ್ತದೆ. ಮಾವಿನ ಮರದ ಕೆಳಗೆ ನಿಲ್ಲಿಸಿದ ಬೈಕು ಒಣಗಿಯೇ ಇರುತ್ತದಲ್ಲ, ಕಾರಣ ಇದೇ. ಅದಕ್ಕೆ ಆಕಾಶ ಕಾಣುವುದಿಲ್ಲ.

ಹಾಗಾಗಿ ಮದ್ದು ಎರಡು. ಒಂದು, ಗಾಜಿಗೆ ಕಾಣುವ ಆಕಾಶವನ್ನು ಕಡಿಮೆ ಮಾಡುವುದು. ಟೆಲಿಸ್ಕೋಪಿನ ಮುಂದೆ ಅದರ ಅಗಲದ ಒಂದೂವರೆ ಪಟ್ಟು ಉದ್ದದ ಕೊಳವೆ ಹಾಕಿ. ನಾನು ಮೊದಲು ಹಾಕಿದ್ದು ಅಡಿಕೆ ಹಾಳೆ! ನೆನೆಸಿ, ಸುರುಳಿ ಸುತ್ತಿ, ಒಣಗಿಸಿ, ಒಳಗೆ ಕಪ್ಪು ಕಾಗದ ಅಂಟಿಸಿದ್ದೆ. ಒಂದು ಸೀಸನ್ ಚೆನ್ನಾಗಿ ನಡೆಯಿತು, ಆಮೇಲೆ ಬೂಸ್ಟು ಹಿಡಿಯಿತು. ಈಗ ಯೋಗ ಮ್ಯಾಟಿನ ತುಂಡು.

ಎರಡು, ಗಾಜನ್ನು ಸುತ್ತಲಿನ ಗಾಳಿಗಿಂತ ಎರಡು ಮೂರು ಡಿಗ್ರಿ ಬೆಚ್ಚಗಿಡುವುದು. ಡ್ಯೂ ಹೀಟರ್ ಪಟ್ಟಿಯನ್ನು ಮುಂದಿನ ಗಾಜಿನ ಚೌಕಟ್ಟಿನ ಮೇಲೆಯೇ ಸುತ್ತಿ. ಗೈಡ್ ಸ್ಕೋಪಿಗೂ ಒಂದು ಬೇಕು. ಅದನ್ನು ಮರೆತವರೇ ಜಾಸ್ತಿ. ಹೀಟರನ್ನು ಕತ್ತಲಾಗುತ್ತಲೇ ಹಾಕಿ, ಹನಿ ಕೂತ ಮೇಲಲ್ಲ. ಹನಿ ಕೂತೇಬಿಟ್ಟರೆ ಪಂಚೆಯಲ್ಲಿ ಒರೆಸಬೇಡಿ. ಗಾಜಿನ ಲೇಪಕ್ಕೆ ಗೀರು ಬೀಳುತ್ತದೆ. ಹೇರ್ ಡ್ರೈಯರಿನ ಕಡಿಮೆ ಶಾಖವನ್ನು ದೂರದಿಂದ ತೋರಿಸಿ.

ಅರ್ಧ ಗಂಟೆಗೊಮ್ಮೆ ಹೊಸ ಫೋಟೊ ನೋಡಿ. ನಕ್ಷತ್ರಗಳ ಸುತ್ತ ಮಸುಕು ಪ್ರಭೆ ಬಂದರೆ ಇಬ್ಬನಿ ಶುರುವಾಗಿದೆ. ನಾನು ಒಮ್ಮೆ ಮಲಗಿಬಿಟ್ಟು ಬೆಳಿಗ್ಗೆ ನೋಡಿದರೆ ಮೂರು ಗಂಟೆಯ ಫೋಟೊಗಳಲ್ಲಿ ಬರೀ ಹಾಲು.

ಫೋಕಸ್, ಚೌಕಟ್ಟು, ಎಕ್ಸ್‌ಪೋಶರ್

ಫೋಕಸ್‌ಗೆ ಬಾಟಿನೊವ್ ಮಾಸ್ಕ್ ಬಳಸಿ. ರಷ್ಯಾದ ಪಾವೆಲ್ ಬಾಟಿನೊವ್ 2005ರಲ್ಲಿ ಮಾಡಿದ ಸರಳ ಉಪಾಯ ಇದು. ಸೀಳು ಕೊರೆದ ಒಂದು ತಟ್ಟೆ, ಅಷ್ಟೇ. ಹೊಳೆಯುವ ನಕ್ಷತ್ರಕ್ಕೆ ಹಿಡಿದರೆ ಮೂರು ಗೆರೆ ಕಾಣುತ್ತವೆ. ನಡುವಿನದು ಸರಿಯಾಗಿ ಮಧ್ಯಕ್ಕೆ ಬಂದರೆ ಫೋಕಸ್ ಸಿಕ್ಕಿದ ಹಾಗೆ. ರಾತ್ರಿ ತಣ್ಣಗಾದಂತೆ ಕೊಳವೆ ಕುಗ್ಗುತ್ತದೆ, ರಾತ್ರಿ ಹತ್ತರ ಹೊತ್ತಿಗೆ ಒಮ್ಮೆ, ಒಂದರ ಹೊತ್ತಿಗೆ ಇನ್ನೊಮ್ಮೆ ನೋಡಿ. ಮಾಸ್ಕ್ ತೆಗೆಯುವುದನ್ನು ಮರೆಯಬೇಡಿ. ನಗಬೇಡಿ, ಎಲ್ಲರೂ ಮರೆತಿದ್ದಾರೆ.

ಚೌಕಟ್ಟು ಹೊಂದಿಸಲು ಐಎಸ್‌ಒ 6400ರಲ್ಲಿ ಹತ್ತು ಸೆಕೆಂಡಿನ ಪರೀಕ್ಷಾ ಫೋಟೊ ತೆಗೆಯಿರಿ. ನಡುವಿನ ನಕ್ಷತ್ರಗುಚ್ಛ ಸರಿಯಾಗಿ ಮಧ್ಯಕ್ಕೆ ಬರಲಿ.

ಹೆನ್ರಿ ಡ್ರೇಪರ್ 1880ರ ಸೆಪ್ಟೆಂಬರ್ 30ರಂದು ಓರಯಾನ್ ನೀಹಾರಿಕೆಯ ಮೊದಲ ಫೋಟೊ ತೆಗೆದಾಗ ಒಂದೇ ಪ್ಲೇಟಿಗೆ 51 ನಿಮಿಷ ಬೆಳಕು ಬೀಳಿಸಿದ್ದರು. ನಾವು ಹಾಗೆ ಮಾಡಬೇಕಿಲ್ಲ. ಎರಡು ನಿಮಿಷದ್ದು, ಐಎಸ್‌ಒ 800 ಅಥವಾ 1600, ರಾ ಫೈಲಿನಲ್ಲಿ ನೂರಾರು ತೆಗೆದು ಆಮೇಲೆ ಕೂಡಿಸುತ್ತೇವೆ. ಹಿಸ್ಟೋಗ್ರಾಮಿನ (ಕ್ಯಾಮೆರಾ ತೋರಿಸುವ ಬೆಳಕಿನ ಹಂಚಿಕೆಯ ನಕ್ಷೆ) ಗುಡ್ಡ ಎಡ ಅಂಚಿನಿಂದ ಕಾಲು ಭಾಗ ಈಚೆ ಬಂದಿದ್ದರೆ ಸರಿ. ಪ್ರತಿ ಫೋಟೊ ನಡುವೆ ಚೌಕಟ್ಟು ಕೆಲವು ಪಿಕ್ಸೆಲ್ ಅತ್ತಿತ್ತ ಸರಿಯುವ ಹಾಗೆ ಡಿದರಿಂಗ್ ಹಾಕಿ. ಇಲ್ಲದಿದ್ದರೆ ಕ್ಯಾಮೆರಾದ ದೋಷಗಳೆಲ್ಲ ಒಂದೇ ದಿಕ್ಕಿಗೆ ಮಳೆ ಹೊಡೆದ ಹಾಗೆ ಗೆರೆಯಾಗುತ್ತವೆ.

ಎಷ್ಟು ತೆಗೆಯಬೇಕು? ಇದು ವರ್ಗಮೂಲದ ಆಟ. ಗದ್ದಲ, ಅಂದರೆ ಚಿತ್ರದಲ್ಲಿನ ಕಾಳುಕಾಳು, ಅರ್ಧಕ್ಕೆ ಇಳಿಯಲು ಸಮಯ ನಾಲ್ಕು ಪಟ್ಟು ಬೇಕು. ಒಂದು ಗಂಟೆಯಿಂದ ನಾಲ್ಕು ಗಂಟೆಗೆ ಹೋದಾಗ ಕಣ್ಣಿಗೆ ಕಾಣುವ ಸುಧಾರಣೆ, ಮುಂದೆ ಬೇಕಾದರೆ ಹದಿನಾರು ಗಂಟೆ. ರೋಸೆಟ್‌ಗೆ ನಾಲ್ಕು ಗಂಟೆ ಕನಿಷ್ಠ ಅನ್ನುತ್ತೇನೆ. ಎರಡು ಮೂರು ರಾತ್ರಿಯದನ್ನು ಸೇರಿಸಬಹುದು, ಕ್ಯಾಮೆರಾ ತಿರುಗಿಸದೆ ಹಾಗೇ ಬಿಡಿ. ಹನ್ನೊಂದೂವರೆಗೆ ರೋಸೆಟ್ ನೆತ್ತಿ ದಾಟುವಾಗ ಟೆಲಿಸ್ಕೋಪನ್ನು ಮೌಂಟಿನ ಇನ್ನೊಂದು ಬದಿಗೆ ಮಗುಚಬೇಕು. ಆಗ ಎದ್ದಿರಿ, ವೈರು ಸಿಕ್ಕಿಹಾಕಿಕೊಳ್ಳುವುದು ಆವಾಗಲೇ.

ಡ್ಯುಯಲ್ ಬ್ಯಾಂಡ್ ಫಿಲ್ಟರ್ ಬೇಕಾ? ಅದು ಎಚ್-ಆಲ್ಫಾ ಮತ್ತು 500.7 ನ್ಯಾನೊಮೀಟರಿನ ಆಮ್ಲಜನಕದ ಬೆಳಕನ್ನು ಮಾತ್ರ ಬಿಡುತ್ತದೆ. ಶಿರಸಿ ಪೇಟೆಯೊಳಗೆ, ಕಾರವಾರದಲ್ಲಿ, ಅರ್ಧ ಚಂದ್ರನಿರುವ ರಾತ್ರಿಯಲ್ಲಿ ಒಳ್ಳೆಯದು. ಅದನ್ನು ಹಾಕಿದರೆ ಐದು ನಿಮಿಷದ ಎಕ್ಸ್‌ಪೋಶರ್ ಬೇಕಾಗುತ್ತದೆ. ಹಳ್ಳಿಯ ಅಮಾವಾಸ್ಯೆಗೆ ಅಗತ್ಯವೇನಿಲ್ಲ.

ಕೊನೆಗೆ, ಕ್ಯಾಮೆರಾ ಮತ್ತು ಟೆಲಿಸ್ಕೋಪಿನ ದೋಷ ಕಳೆಯಲು ಮೂರು ಬಗೆಯ ಫೋಟೊ ಬೇಕು. ಡಾರ್ಕ್: ಮುಚ್ಚಳ ಹಾಕಿ ಅದೇ ಐಎಸ್‌ಒ, ಅದೇ ಸಮಯ, ಅದೇ ಚಳಿಯಲ್ಲಿ 20 ಫೋಟೊ. ಬಯಾಸ್: ಮುಚ್ಚಳ ಹಾಕಿ ಅತಿ ಕಡಿಮೆ ಸಮಯದಲ್ಲಿ 50. ಫ್ಲಾಟ್: ಬೆಳಗಾಗುವಾಗ ಟೆಲಿಸ್ಕೋಪಿನ ಬಾಯಿಗೆ ಬಿಳಿ ಪಂಚೆಯನ್ನು ಎರಡು ಮಡಿಕೆ ಮಾಡಿ ಬಿಗಿಯಾಗಿ ಕಟ್ಟಿ, ತಿಳಿ ಆಕಾಶಕ್ಕೆ ಹಿಡಿದು 20. ಫೋಕಸ್ ಮುಟ್ಟಬೇಡಿ. ಫ್ಲಾಟ್ ಬಿಟ್ಟರೆ ಧೂಳಿನ ಪ್ರತಿ ಕಣವೂ ಕೊನೆಯ ಚಿತ್ರದಲ್ಲಿ ವಡೆಯ ಹಾಗೆ ಕಾಣುತ್ತದೆ.

ಕಂಪ್ಯೂಟರಿನಲ್ಲಿ

ಸಿರಿಲ್ ಎಂಬ ಸಾಫ್ಟ್‌ವೇರ್ ಉಚಿತ, ಅದೇ ಸಾಕು. ಡಾರ್ಕ್, ಬಯಾಸ್, ಫ್ಲಾಟ್ ಸೇರಿಸಿ ತಿದ್ದುವುದು, ನಕ್ಷತ್ರ ಹೊಂದಿಸುವುದು, ಕೂಡಿಸುವುದು ಎಲ್ಲ ಅದರ ಸ್ಕ್ರಿಪ್ಟೇ ಮಾಡುತ್ತದೆ. ಮೊದಲೇ ಒಂದೊಂದು ಫೋಟೊ ನೋಡಿ ಮಂಜು ಹಿಡಿದವನ್ನು ಕಿತ್ತು ಹಾಕಿ, ಇದರಲ್ಲಿ ಕರುಣೆ ಬೇಡ. ಉಪಗ್ರಹದ ಗೆರೆಗಳಿಗೆ ಹೆದರಬೇಕಿಲ್ಲ. ಇಪ್ಪತ್ತಕ್ಕಿಂತ ಜಾಸ್ತಿ ಫೋಟೊ ಇದ್ದರೆ ಸಿಗ್ಮಾ ಕ್ಲಿಪಿಂಗ್ ಅವನ್ನು ಅಳಿಸುತ್ತದೆ.

ಆಮೇಲಿನ ಕ್ರಮ ಮುಖ್ಯ: ಅಂಚು ಕತ್ತರಿಸಿ, ಹಿನ್ನೆಲೆಯ ಏರಿಳಿತ ತೆಗೆಯಿರಿ, ಬಣ್ಣ ಹೊಂದಿಸಿ, ಆಮೇಲಷ್ಟೇ ಹಿಗ್ಗಿಸಿ, ಅಂದರೆ ಮಸುಕಾದ ಭಾಗಗಳನ್ನು ಬೆಳಗಿಸಿ. ಹಿನ್ನೆಲೆಗೆ ಗ್ರಾಎಕ್ಸ್‌ಪರ್ಟ್ ಎಂಬ ಇನ್ನೊಂದು ಉಚಿತ ಸಾಫ್ಟ್‌ವೇರ್ ಚೆನ್ನಾಗಿದೆ. ಹಿಗ್ಗಿಸುವಾಗ ಸ್ಟಾರ್‌ನೆಟ್ ಎಂಬ ಸಾಫ್ಟ್‌ವೇರಿನಿಂದ ನಕ್ಷತ್ರಗಳನ್ನು ಬೇರೆ ಮಾಡಿಟ್ಟರೆ ನೀಹಾರಿಕೆಯನ್ನು ಧಾರಾಳವಾಗಿ ಎತ್ತಬಹುದು. ಆಕಾಶವನ್ನು ಡಾಂಬರಿನಂತೆ ಕಪ್ಪು ಮಾಡಬೇಡಿ. ಮಸುಕಾದ ಹೊಗೆಯ ಅಂಚು ಇರುವುದು ಆ ಬೂದು ಬಣ್ಣದಲ್ಲೇ. ಅದಕ್ಕಾಗಿಯೇ ಅಲ್ವಾ ಮೂರು ರಾತ್ರಿ ನಿದ್ದೆಗೆಟ್ಟಿದ್ದು.

ಕರಾವಳಿಯವರಿಗೆ

ಕುಮಟಾ, ಅಂಕೋಲಾ, ಕಾರವಾರದಲ್ಲಿ ತಗ್ಗಿನ ಆಕಾಶ ಯಾವಾಗಲೂ ಹಾಲು ಬೆರೆತ ಹಾಗಿರುತ್ತದೆ. ಪಶ್ಚಿಮದಲ್ಲಿ ದೋಣಿಗಳ ದೀಪ ಬೇರೆ. ನೆತ್ತಿಯ ಸುತ್ತಲಿನದನ್ನೇ ಆರಿಸಿ. ರಾತ್ರಿ ಕಳೆದಂತೆ ಗಾಳಿ ನೆಲದಿಂದ ಕಡಲಿಗೆ ತಿರುಗುತ್ತದೆ, ಆಗ ಸ್ವಲ್ಪ ಒಣಗಿದ ಆಕಾಶ ಸಿಗುತ್ತದೆ. ಮರಳಿನ ಮೇಲೆ ಟ್ರೈಪಾಡು ನಿಲ್ಲಿಸಿದರೆ ಮೆಲ್ಲಗೆ ಕುಸಿಯುತ್ತದೆ, ಪ್ರತಿ ಕಾಲಿನ ಕೆಳಗೂ ಒಂದು ಹಲಗೆ ತುಂಡು ಇಡಿ. ಮನೆಗೆ ಬಂದ ಮೇಲೆ ಗಾಜಿನ ಮೇಲಿನ ಉಪ್ಪು, ಮರಳನ್ನು ಮೊದಲು ಗಾಳಿ ಹೊಡೆದು ಹಾರಿಸಿ.

ಆದರೆ ಕಡಿಮೆ ಅಕ್ಷಾಂಶದಿಂದ ನಮಗೊಂದು ಲಾಭವಿದೆ, ಯೂರೋಪಿನವರಿಗೆ ಅದು ಸಿಗುವುದಿಲ್ಲ. ಕರೀನಾ ನೀಹಾರಿಕೆ. ಓರಯಾನ್‌ಗಿಂತ ದೊಡ್ಡದು, ಮಾರ್ಚ್ ಮಧ್ಯದಲ್ಲಿ ರಾತ್ರಿ ಹನ್ನೆರಡರ ಒಳಗೆ ದಕ್ಷಿಣದಲ್ಲಿ 15 ಡಿಗ್ರಿ ಎತ್ತರಕ್ಕೆ ಬರುತ್ತದೆ. 30 ಡಿಗ್ರಿಯ ನನ್ನ ನಿಯಮವನ್ನು ಇದೊಂದಕ್ಕೆ ಮಾತ್ರ ಮುರಿಯುತ್ತೇನೆ. ದಕ್ಷಿಣ ತೆರೆದಿರುವ ಗುಡ್ಡ ಬೇಕು, ಒಂದು ನಿಮಿಷದ ಚಿಕ್ಕ ಎಕ್ಸ್‌ಪೋಶರ್ ಸಾಕು.

ಮೇ ಕೊನೆಗೆ

ಮೊದಲ ಮಳೆಗೆ ಮುಂಚೆ ಎಲ್ಲವನ್ನೂ ಒಣಗಿಸಿ, ರಬ್ಬರ್ ಬಿಗಿಯಿರುವ ಪ್ಲಾಸ್ಟಿಕ್ ಡಬ್ಬಕ್ಕೆ ಹಾಕಿ. ಒಳಗೆ ಸಿಲಿಕಾ ಜೆಲ್, ಜೊತೆಗೆ ಸಣ್ಣ ತೇವಮಾಪಕ. ಮುಳ್ಳು 40ರಿಂದ 50 ಶೇಕಡದೊಳಗೆ ಇರಲಿ. ಅದಕ್ಕಿಂತ ಜಾಸ್ತಿಯಾದರೆ ನಮ್ಮ ಆಷಾಢದಲ್ಲಿ ಗಾಜಿನ ಮೇಲೆ ಬೂಸ್ಟು ಜೇಡರಬಲೆಯಂತೆ ಹಬ್ಬುತ್ತದೆ, ಲೇಪವನ್ನೇ ತಿನ್ನುತ್ತದೆ. ಬ್ಯಾಟರಿಯನ್ನು ತಿಂಗಳಿಗೊಮ್ಮೆ ಚಾರ್ಜ್ ಮಾಡಿ. ಸಿಲಿಕಾ ಜೆಲ್‌ನ ಬಣ್ಣ ಬದಲಾದಾಗ ಹುರಿದು ಮತ್ತೆ ಬಳಸಬಹುದು. ನೀಲಿ ಬಣ್ಣದ್ದರಲ್ಲಿ ಕೋಬಾಲ್ಟ್ ಇರುತ್ತದೆ, ಅದು ವಿಷ. ಅಡುಗೆಯ ಬಾಣಲೆ ಮುಟ್ಟಬೇಡಿ, ಗುಜರಿಗೆ ಹಾಕಲು ಇಟ್ಟ ಹಳೆಯ ಬಾಣಲೆಯೊಂದನ್ನು ಇದಕ್ಕೇ ಮೀಸಲಿಡಿ, ಹುರಿಯುವುದನ್ನೂ ಹೊರಗಿನ ಒಲೆಯಲ್ಲೇ ಮಾಡಿ.